ಕಾಮಾ ಎಲ್ಲಿ ಬೀಳ್ಬೇಕು? ಪೈಥಾನ್ ಮತ್ತು ಲಕ್ಷದ ಲೆಕ್ಕ

ನಾನು ಓದಿದ್ದು ಬಿ.ಕಾಂ., ಹಾಗಾಗಿ ಕೋಡ್ ನೋಡುವಾಗಲೂ ನನ್ನ ಕಣ್ಣು ಮೊದಲು ಹೋಗೋದು ದುಡ್ಡಿನ ಕಡೆಗೆ. ಪೈಥಾನ್‌ನಲ್ಲಿ ಒಂದು ಸ್ಟ್ರಿಂಗ್ ಒಳಗೆ ಮೊತ್ತವನ್ನ ಕೂರಿಸೋದು ಹೇಗೆ ಅನ್ನೋದು ಇವತ್ತಿನ ಮಾತು.

2016ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.6 ನಮಗೆ ಎಫ್-ಸ್ಟ್ರಿಂಗ್ ಕೊಟ್ಟಿತು. ಕೊಟೇಶನ್ ಗುರುತಿನ ಮುಂಚೆ ಒಂದು ಎಫ್, ಒಳಗೆ ಕರ್ಲಿ ಬ್ರಾಕೆಟ್, ಅದರಲ್ಲಿ ವೇರಿಯಬಲ್ ಹೆಸರು. ಹೆಸರಾದ ಮೇಲೆ ಕೋಲನ್, ಕಾಮಾ ಹಾಕಿದರೆ ಅಂಕಿಗಳ ಮಧ್ಯೆ ಕಾಮಾ ಬರುತ್ತೆ. ಪಾಯಿಂಟ್ ಟು ಎಫ್ ಸೇರಿಸಿದರೆ ಪೈಸೆ ಎರಡೇ ಅಂಕಿಗೆ ನಿಲ್ಲುತ್ತೆ.

ಆದರೆ ಆ ಕಾಮಾ ಬೀಳೋದು ಮೂರು ಮೂರು ಅಂಕಿಗೆ. ಹನ್ನೆರಡೂವರೆ ಲಕ್ಷ 1,250,000 ಆಗುತ್ತೆ. ಬಿಲ್ ಹಿಡ್ಕೊಂಡವರು ಸೊನ್ನೆ ಎಣಿಸ್ತಾ ನಿಲ್ಲಬೇಕು! ನಮಗೆ ಬೇಕಿರೋದು 12,50,000. ತಮಾಷೆ ಏನಂದ್ರೆ, ಅದೇ 3.6ರಲ್ಲಿ ಕೋಡ್ ಬರೆಯುವಾಗ ಸಂಖ್ಯೆ ಮಧ್ಯೆ ಅಂಡರ್‌ಸ್ಕೋರ್ ಹಾಕೋ ಅವಕಾಶವೂ ಬಂತು. 12_50_000 ಅಂತ ಬರೆದರೆ ತಕರಾರಿಲ್ಲದೆ ಒಪ್ಪುತ್ತೆ. ನಮ್ಮ ಲೆಕ್ಕ ಓದೋಕೆ ಬರುತ್ತೆ, ಹೇಳೋಕೆ ಬರಲ್ಲ.

ಬೇಬಲ್ ಅನ್ನೋ ಲೈಬ್ರರಿಗೆ ಭಾರತದ ಲೊಕೇಲ್ ಕೊಟ್ಟರೆ ಲಕ್ಷ-ಕೋಟಿ ಕ್ರಮದಲ್ಲೇ ಕಾಮಾ ಸಿಗುತ್ತೆ. ಸ್ಟ್ರಿಂಗನ್ನ ಕೈಯಾರೆ ಕತ್ತರಿಸಿ ಜೋಡಿಸೋರೂ ಇದ್ದಾರೆ. ನನಗದು ಇಷ್ಟವಿಲ್ಲ, ಮೈನಸ್ ಮೊತ್ತ ಬಂದಾಗ ಎಡವೋದು ಅಲ್ಲೇ.

ನನಗೆ ನಿಜವಾಗಿ ಭಯ ಪೈಸೆಯದ್ದು. ಪಾಯಿಂಟ್ ಟು ಎಫ್ ಬದಲಿಸೋದು ನೋಟವನ್ನ ಮಾತ್ರ, ಒಳಗಿನ ಮೌಲ್ಯ ಹಾಗೇ ಇರುತ್ತೆ. ತೂಕಕ್ಕೆ ದರ ಗುಣಿಸಿದಾಗ ಮೂರು ಸಾಲಿನಲ್ಲೂ 10.333 ಬಂತು ಅನ್ಕೊಳ್ಳಿ. ಬಿಲ್‌ನಲ್ಲಿ ಪ್ರತಿ ಸಾಲು 10.33, ಕೆಳಗೆ ಒಟ್ಟು 31.00. ಗಿರಾಕಿ ಕೂಡಿ ನೋಡಿದರೆ 30.99! ಒಂದು ಪೈಸೆಗೆ ಯಾರೂ ಜಗಳ ಆಡಲ್ಲ, ಸರಿ. ಆದರೆ ಸಾವಿರಾರು ಸಾಲಿನ ಲೆಡ್ಜರ್ ತಾಳೆಯಾಗದಿದ್ದಾಗ ರಾತ್ರಿಯೆಲ್ಲಾ ಕೂತು ಹುಡುಕೋದು ಅಕೌಂಟೆಂಟ್, ಕೋಡ್ ಬರೆದವರಲ್ಲ.

ಇನ್ನೊಂದು ನೋಡಿ. 2.675ನ್ನ ಎರಡು ಅಂಕಿಗೆ ತಂದರೆ ಪೈಥಾನ್ 2.67 ಅನ್ನುತ್ತೆ. ಬೈನರಿಯಲ್ಲಿ ಆ ಸಂಖ್ಯೆ ಸರಿಯಾಗಿ ಕೂರಲ್ಲ, ಒಳಗಿರೋದು ಕೂದಲೆಳೆಯಷ್ಟು ಕಡಿಮೆ. ದುಡ್ಡಿಗೆ ಡೆಸಿಮಲ್ ಮಾಡ್ಯೂಲ್ ಇರೋದು ಇದಕ್ಕೇ. ಪ್ರತಿ ಸಾಲನ್ನ ಅದರಲ್ಲೇ ಪೈಸೆಗೆ ರೌಂಡ್ ಮಾಡಿ, ಆಮೇಲೆ ಕೂಡಿ. ಸ್ಟ್ರಿಂಗ್ ಮಾಡೋದು ಎಲ್ಲಕ್ಕಿಂತ ಕೊನೆಗೆ. ಕಾಮಾ ಬಿದ್ದ ಸ್ಟ್ರಿಂಗನ್ನ ವಾಪಸ್ ಇಂಟ್‌ಗೆ ಕೊಟ್ಟು ನೋಡಿ, ವ್ಯಾಲ್ಯೂ ಎರರ್ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೆ.