ಕೊಳಗ ಯಾರ ಕೈಯಲ್ಲಿದೆ?

(ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ನಮ್ಮ ಸಂಘದ ವ್ಯವಹಾರವೀಗ ಮೊಬೈಲಿಗೆ ಬಂದಿದೆ. ಸಾಲದ ಬಾಕಿ ನೋಡುವುದು, ಕಂತು ಕಟ್ಟುವುದು, ದಿನಸಿಯ ಪಟ್ಟಿ ಕಳಿಸುವುದು, ಎಲ್ಲವೂ ಸಂಘದ ವೆಬ್ ಅಪ್ಲಿಕೇಷನ್ನಿನಲ್ಲೇ ನಡೆಯುತ್ತವೆ. ಅದಕ್ಕೊಂದು ಡ್ಯಾಶ್‌ಬೋರ್ಡ್ ಸೇರಿಸಬೇಕೆಂಬ ಸೂಚನೆ ಇಂದು ಸಭೆಯ ಮುಂದಿದೆ. ನಾವು ಅದರ ವಿರೋಧಿಗಳಲ್ಲ. ಆದರೆ ಕೈ ಎತ್ತುವ ಮೊದಲು, ಅದು ಏನನ್ನು ಅಳೆಯುತ್ತದೆ, ಯಾರಿಗಾಗಿ ಅಳೆಯುತ್ತದೆ ಎಂದು ಕೇಳುವ ಹಕ್ಕು ನಮಗುಂಟು.

ಡ್ಯಾಶ್‌ಬೋರ್ಡ್ ಎಂಬ ಹೆಸರಿಗೆ ಬೆದರಬೇಕಾದುದಿಲ್ಲ. ಗಿರಣಿಯ ಮಗ್ಗಕ್ಕೆ ಹೂಡಿದ ಪಿಕ್ ಕೌಂಟರನ್ನು ನೀವೆಲ್ಲ ಬಲ್ಲಿರಿ. ಹೊಕ್ಕು ಎಷ್ಟು ಸಲ ಬಿತ್ತೆಂದು ಅದು ಎಣಿಸುತ್ತದೆ. ಇದೂ ಅಂಥದೇ. ನಾವು ಪರದೆಯ ಮೇಲೆ ಬೆರಳಿಟ್ಟಾಗಲೆಲ್ಲ ಯಾರು, ಯಾವ ಪುಟ, ಎಷ್ಟು ಹೊತ್ತಿಗೆ ಎಂಬ ಒಂದು ಸಾಲು ಕಂಪ್ಯೂಟರಿನ ಖಾತೆಗೆ ಬೀಳುತ್ತದೆ. ದಿನಕ್ಕೆ ಬಂದವರೆಷ್ಟು, ತಿಂಗಳಿಗೆ ಬಂದವರೆಷ್ಟು, ಎಷ್ಟು ನಿಮಿಷ ನಿಂತರು ಎಂದು ಆ ಸಾಲುಗಳನ್ನು ಕೂಡಿಸಿ ತೋರಿಸುವ ಫಲಕವೇ ಡ್ಯಾಶ್‌ಬೋರ್ಡ್. ಈ ಲೆಕ್ಕಕ್ಕೆ ‘ಯೂಸರ್ ಎಂಗೇಜ್‌ಮೆಂಟ್’ ಎಂದು ಹೆಸರು.

ಈ ಅಳತೆಯನ್ನು ಬೆಳೆಸಿದವರು ಜಾಹೀರಾತಿನಿಂದ ಲಾಭ ಗಳಿಸುವ ಕಂಪನಿಗಳು. ಫೇಸ್‌ಬುಕ್ 2012ರಲ್ಲಿ ಷೇರು ಮಾರಲು ಹೊರಟಾಗ, 2011ರ ಡಿಸೆಂಬರಿನಲ್ಲಿ ತನ್ನಲ್ಲಿಗೆ ತಿಂಗಳಿಗೆ 84.5 ಕೋಟಿ ಜನ, ದಿನಕ್ಕೆ 48.3 ಕೋಟಿ ಜನ ಬರುತ್ತಿದ್ದರೆಂದು ತೋರಿಸಿತು. ಅದೇ 2012ರಲ್ಲಿ ಯೂಟ್ಯೂಬ್, ಎಷ್ಟು ಸಲ ನೋಡಿದರೆಂಬುದರ ಬದಲು ಎಷ್ಟು ಹೊತ್ತು ನೋಡಿದರೆಂಬುದನ್ನು ಮುಖ್ಯ ಅಳತೆ ಮಾಡಿಕೊಂಡಿತು. ಅಳತೆ ಬದಲಾದೊಡನೆ ಸರಕೂ ಬದಲಾಗುತ್ತದೆ. 2018ರಲ್ಲಿ ಫೇಸ್‌ಬುಕ್ ಜನರ ಪ್ರತಿಕ್ರಿಯೆ, ಹಂಚಿಕೆಗಳಿಗೆ ಹೆಚ್ಚು ತೂಕ ಕೊಟ್ಟಿತು. ಸಿಟ್ಟು ಬರಿಸುವ ಮಾತಿಗೇ ಇದರಿಂದ ಲಾಭವೆಂದು ಕಂಪನಿಯೊಳಗಿನವರೇ ಎಚ್ಚರಿಸಿದ್ದರು. ಅಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಹೌಗನ್ 2021ರಲ್ಲಿ ಹೊರತಂದ ಕಾಗದಪತ್ರಗಳಿಂದ ಇದು ಬಯಲಾಯಿತು.

ಈ ಅಳತೆಯನ್ನೇ ನಮ್ಮ ಸಂಘಕ್ಕೆ ತಂದರೆ ಏನಾದೀತು? ತಿಂಗಳಿಗೆ 500 ಸದಸ್ಯರು ಬಂದು, ದಿನಕ್ಕೆ 25 ಮಂದಿ ಮಾತ್ರ ಬಂದರೆ ಫಲಕ ಶೇಕಡಾ 5 ಎಂದು ತೋರಿಸಿ, ಸಾಲದು ಎನ್ನುತ್ತದೆ. ಸಂಬಳ ಬರುವುದೇ ತಿಂಗಳಿಗೊಮ್ಮೆ. ಕಂತು ಕಟ್ಟುವವನು ದಿನವೂ ಏಕೆ ಬರಬೇಕು? ಬಾಕಿ ಎಷ್ಟೆಂದು ಕಾಣದೆ ಒಬ್ಬ ಹತ್ತು ನಿಮಿಷ ತಡಕಾಡಿದರೆ, ಫಲಕದಲ್ಲಿ ಅದು ಹತ್ತು ನಿಮಿಷದ ಗೆಲುವು. ಅರ್ಧ ನಿಮಿಷದಲ್ಲಿ ಕೆಲಸ ಮುಗಿಸಿ ಹೋದವನು ನಷ್ಟದ ಬಾಬು! ಈ ಅಂಕಿ ಏರಿಸಲು ಹೊರಟರೆ ನಾಳೆ ಗಳಿಗೆಗೊಂದು ಸೂಚನೆ ಕಳಿಸಿ, ಬೇಡದ ಸಾಲದ ಆಸೆ ತೋರಿಸಬೇಕಾದೀತು.

1951ರ ಕಾಗೋಡು ಸತ್ಯಾಗ್ರಹವನ್ನು ಸಮಾಜವಾದಿಗಳಾದ ನಾವು ಮರೆಯಲಾಗದು. ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬುದೇ ಅಲ್ಲಿ ಜಗಳದ ಒಂದು ಮೂಲ. ಗೇಣಿದಾರರು ಅಳತೆ ಬೇಡವೆನ್ನಲಿಲ್ಲ, ನ್ಯಾಯದ ಅಳತೆ ಕೇಳಿದರು. ನಮ್ಮ ಮಾತೂ ಅಷ್ಟೇ.

ಕಾನೂನೂ ನಮ್ಮ ಪರವಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಸಾರಿದರು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆಯೂ ಆಯಿತು.

ಆದುದರಿಂದ ನಾವು ಮೂರು ಷರತ್ತುಗಳನ್ನು ಮುಂದಿಡುತ್ತೇವೆ. ಒಂದು: ಹೊತ್ತನ್ನು ಎಣಿಸಬೇಡಿ, ಕೆಲಸವನ್ನು ಎಣಿಸಿ. ಕಂತು ಕಟ್ಟಲು ಬಂದ ನೂರು ಜನರಲ್ಲಿ ಎಷ್ಟು ಮಂದಿ ಕಟ್ಟಿದರು, ಎಷ್ಟು ಮಂದಿ ಯಾವ ಪುಟದಲ್ಲಿ ಸೋತು ಹಿಂದಿರುಗಿದರು ಎಂಬುದು ತಿಳಿಯಲಿ. ಎರಡು: ಲೆಕ್ಕ ಒಟ್ಟಿನದಾಗಿರಲಿ, ಅದರಲ್ಲಿ ಹೆಸರು ಬೇಡ. ಯಾವ ಕಾರ್ಮಿಕ ನಡುರಾತ್ರಿ ಸಾಲದ ಪುಟ ತೆರೆದನೆಂಬುದು ಯಾರಿಗೂ, ಅದರಲ್ಲೂ ಮಾಲೀಕರಿಗೆ, ಗೊತ್ತಾಗಕೂಡದು. ಮೂರು: ಕಾರ್ಯದರ್ಶಿಗೆ ಕಾಣುವ ಫಲಕ ಪ್ರತಿಯೊಬ್ಬ ಸದಸ್ಯನಿಗೂ ಕಾಣಲಿ.

ಈ ಮೂರಕ್ಕೂ ಒಪ್ಪಿಗೆಯಿದ್ದರೆ ಸೂಚನೆಗೆ ನಮ್ಮ ಬೆಂಬಲವಿದೆ. ಇಲ್ಲವಾದರೆ ವಿರೋಧವಿದೆ. ತೀರ್ಮಾನ ಸಭೆಗೆ ಸೇರಿದ್ದು.