ನಿರುದ್ಯೋಗಿ ತರುಣರೂ ಕಾಯಕಧರ್ಮವೂ



ಧಾರವಾಡವು ವಿದ್ಯೆಯ ತವರೆಂದು ಹೆಸರಾದ ಊರು. ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲೆಂದು ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ತರುಣ-ತರುಣಿಯರು ಇಲ್ಲಿಗೆ ಬಂದು, ಬಾಡಿಗೆಯ ಕೋಣೆಗಳಲ್ಲಿ ವರುಷಗಟ್ಟಲೆ ಕಾಯುತ್ತಿರುವರು. ನೇಮಕಾತಿ ತಡವಾದಷ್ಟೂ ವಯೋಮಿತಿಯು ಸಮೀಪಿಸುವುದು. “ನೌಕರಿ ಆಯಿತೇ?” ಎಂಬ ಪ್ರಶ್ನೆಗೆ ಅಂಜಿ ಹಬ್ಬಕ್ಕೂ ಊರಿಗೆ ಹೋಗದವರುಂಟು.

ಕೆಲಸವಿಲ್ಲದವನು ಕಳೆದುಕೊಳ್ಳುವುದು ವೇತನವನ್ನು ಮಾತ್ರವೇ? ಆಸ್ಟ್ರಿಯಾ ದೇಶದ ಮಾರಿಯೆಂತಾಲ್ ಎಂಬ ಹಳ್ಳಿಯಲ್ಲಿ ಗಿರಣಿ ಮುಚ್ಚಿದ ತರುವಾಯ, ಮಾರೀ ಯಾಹೋಡಾ ಮೊದಲಾದ ವಿದ್ವಾಂಸರು ಅಲ್ಲಿಯ ಜನಜೀವನವನ್ನು ಪರಿಶೀಲಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಿಡುವು ಹೆಚ್ಚಿದರೂ ಜನರು ವಾಚನಾಲಯದಿಂದ ಒಯ್ಯುವ ಪುಸ್ತಕಗಳು ಕಡಿಮೆಯಾದವು. ಗಂಡಸರ ನಡಿಗೆಯೂ ನಿಧಾನವಾಯಿತು. ದಿನಕ್ಕೊಂದು ಕ್ರಮವನ್ನೂ ನಾಲ್ವರಲ್ಲೊಂದು ಸ್ಥಾನವನ್ನೂ ಕೊಡುತ್ತಿದ್ದ ಕೆಲಸವು ಹೋದೊಡನೆ ಮನಸ್ಸೂ ಕುಗ್ಗಿತು.

2024ರ ಜನವರಿ 12ರಂದು ಶಿವಮೊಗ್ಗೆಯಲ್ಲಿ ರಾಜ್ಯ ಸರಕಾರವು ‘ಯುವನಿಧಿ’ಗೆ ಚಾಲನೆಯಿತ್ತಿತು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರುಷ ಎಂಬುದು ಅದರ ನಿಯಮ. ಅದು ಉಪಕಾರವೇ ಸರಿ. ಕೋಣೆಯ ಬಾಡಿಗೆಗೆ ಅದು ಆದೀತು. ಆದರೆ ಮುಂಜಾನೆ ಎದ್ದು ಹೋಗಲೊಂದು ಸ್ಥಳವನ್ನು ಕೊಡಲಾರದು.

ಆಯ್ದಕ್ಕಿ ಲಕ್ಕಮ್ಮನು ಗಂಡನಾದ ಮಾರಯ್ಯನು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿದ ಕಥೆ ಸರ್ವವಿದಿತವಾದುದು. ಕಾಯಕದ ಬೆಲೆಯು ಗಳಿಕೆಯಲ್ಲಿಲ್ಲ, ದುಡಿಯುವವನ ಮನಶ್ಶುದ್ಧಿಯಲ್ಲಿದೆಯೆಂಬುದೇ ಅದರ ತಾತ್ಪರ್ಯ. ಆದರೆ ಅರಸಿದರೂ ಕಾಯಕ ದೊರೆಯದವನನ್ನು ಮೈಗಳ್ಳನೆಂದು ಹಳಿಯುವುದು ಶರಣಧರ್ಮವಲ್ಲ. ಕಾಯಕವನ್ನು ಬೋಧಿಸುವ ಸಮಾಜವು ಕಾಯಕವನ್ನು ಒದಗಿಸಲೂ ಬೇಕು.

ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ನಡೆಸಿ ಬಡಮಕ್ಕಳ ಓದಿಗೆ ಆಸರೆಯಾದರು. ಅಂದು ಅನ್ನದಾಸೋಹ ನಡೆದಂತೆ ಇಂದು ಕಾಯಕದಾಸೋಹವು ನಡೆಯಬೇಕಾಗಿದೆ. ಅಂಗಡಿ, ಕಾರಖಾನೆ, ಶಾಲೆಗಳನ್ನು ನಡೆಸುವ ಭಕ್ತರು ಒಬ್ಬೊಬ್ಬ ತರುಣನಿಗೆ ದಿನದ ಅರ್ಧ ಹೊತ್ತು ಸಂಬಳದ ಕೆಲಸ ಕೊಟ್ಟರೆ, ಉಳಿದರ್ಧ ಹೊತ್ತು ಅವನು ನೆಮ್ಮದಿಯಿಂದ ಓದಿಯಾನು.

ಮನಸ್ಸು ತೀರ ಕುಗ್ಗಿದವರಿಗೆ ಹಿತವಚನವೊಂದೇ ಸಾಲದು, ವೈದ್ಯರ ನೆರವೂ ಬೇಕು. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆಯು ಈಗ ನರವಿಜ್ಞಾನ ಸಂಸ್ಥೆಯೂ ಆಗಿ ಬೆಳೆದಿದೆ. 2022ರಲ್ಲಿ ಆರಂಭವಾದ ಸರಕಾರದ 14416 ಎಂಬ ದೂರವಾಣಿಗೆ ಹಣವಿಲ್ಲದೆ ಕರೆಮಾಡಬಹುದು. ಜ್ವರಕ್ಕೆ ಮದ್ದು ಕೊಳ್ಳಲು ನಾಚದವರು ಅಲ್ಲಿಗೆ ಹೋಗಲು ನಾಚಬೇಕಾದುದಿಲ್ಲ.

ಭಕ್ತರು ಇಂದು ಮನೆಗೆ ಮರಳಿದ ಬಳಿಕ, ಕಾದು ಕುಳಿತ ಮಗನನ್ನೋ ಮಗಳನ್ನೋ “ನೌಕರಿ ಆಯಿತೇ?” ಎಂದು ಕೇಳದೆ “ಊಟ ಆಯಿತೇ?” ಎಂದು ಕೇಳಲಿ. ಮಹೋತ್ಸವದ ಫಲವು ಅಲ್ಲಿಂದಲೇ ಮೊದಲಾಗುವುದು.