ಲಕ್ಕಣ್ಣ ದಂಡೇಶ: ಅಧಿಕಾರವೂ ಭಕ್ತಿಯೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಮಠದಿಂದ ಅಪ್ಪಣೆಯಾದಾಗ, ಯಾವ ವಿಷಯವನ್ನು ಕುರಿತು ಮಾತನಾಡಲಿ ಎಂದು ಬಹಳ ಆಲೋಚಿಸಿದೆನು. ನಾನು ಪಂಡಿತನಲ್ಲ, ಸರಕಾರದ ಚಾಕರಿಯಲ್ಲಿ ಆಯುಷ್ಯದ ಹೆಚ್ಚು ಭಾಗವನ್ನು ಕಳೆದು ವಿಶ್ರಾಂತನಾದವನು. ಆದುದರಿಂದ, ನನ್ನಂತೆಯೇ ರಾಜಸೇವೆಯಲ್ಲಿದ್ದು, ನನ್ನಂತೆ ಅಲ್ಲದೆ ಅದನ್ನು ಸಾರ್ಥಕಪಡಿಸಿಕೊಂಡ ಒಬ್ಬ ಪುರುಷನ ವಿಚಾರವನ್ನು ಹೇಳುವುದೇ ಉಚಿತವೆಂದು ತೋರಿತು. ಆತನು ವಿಜಯನಗರದ ಪ್ರೌಢದೇವರಾಯನ ಮಂತ್ರಿಯೂ ದಂಡನಾಯಕನೂ ಆಗಿದ್ದ, 'ಶಿವತತ್ತ್ವಚಿಂತಾಮಣಿ'ಯ ಕವಿ ಲಕ್ಕಣ್ಣ ದಂಡೇಶನು.

ಈ ಮಹನೀಯನು ನಮ್ಮ ಸೀಮೆಗೆ ಹೊರಗಿನವನಲ್ಲ. ನಮ್ಮ ಚಿಕ್ಕಬಳ್ಳಾಪುರವು 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಕೋಲಾರಕ್ಕೆ ಸೇರಿದ್ದಿತಷ್ಟೆ. ಆ ಕೋಲಾರ ಸೀಮೆಯ ಶಾಸನಗಳನ್ನು ರೈಸ್ ಸಾಹೇಬರು 1905ರಲ್ಲಿ ಒಂದು ಸಂಪುಟವಾಗಿ ಅಚ್ಚುಹಾಕಿಸಿದರು. ಅವುಗಳಲ್ಲಿ ಲಕ್ಕಣ್ಣ ಒಡೆಯರ ಹೆಸರೂ, ಆತನ ಸೋದರ ಮಾದಣ್ಣ ಒಡೆಯರ ಹೆಸರೂ ಕಾಣಬರುತ್ತವೆ. ಆಗ ಈ ಮೂಡಲ ಸೀಮೆಗೆ ರಾಜಧಾನಿಯಾಗಿದ್ದುದು ಮುಳುವಾಗಿಲು. ಬುಕ್ಕರಾಯನ ಮಗನಾದ ಕುಮಾರ ಕಂಪಣನು ಹಿಂದೆ ಅಲ್ಲಿಂದಲೇ ದಂಡೆತ್ತಿ ಹೋಗಿ ಮಧುರೆಯನ್ನು ಗೆದ್ದನು. ಆ ವಿಜಯವನ್ನು ಆತನ ರಾಣಿ ಗಂಗಾದೇವಿಯು ಸಂಸ್ಕೃತದಲ್ಲಿ ಕಾವ್ಯವಾಗಿ ಹಾಡಿದಳು. ಅದೇ ಮುಳುವಾಗಿಲಿನ ಅಧಿಕಾರವನ್ನು ಲಕ್ಕಣ್ಣನು ವಹಿಸಿದನು. ಮುಂದೆ ಆತನೂ ದಕ್ಷಿಣಕ್ಕೆ ನಡೆದನು. ಮಧುರೆಯ ಐತಿಹ್ಯಗಳು ಈ ಅಣ್ಣತಮ್ಮಂದಿರನ್ನು ಅಲ್ಲಿಯ ಪ್ರಭುಗಳನ್ನಾಗಿ ನೆನೆಯುತ್ತವೆ. ಶಾಸನಗಳು ಆತನನ್ನು 'ದಕ್ಷಿಣ ಸಮುದ್ರಾಧಿಪತಿ' ಎಂದು ಕರೆಯುತ್ತವೆ. ನಂದಿಯ ಬೆಟ್ಟಗಳ ಮಗ್ಗುಲಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಹೇಗೆ ತಮಿಳುನಾಡನ್ನು ಹಾದು ಕಡಲನ್ನು ಸೇರುವಳೋ, ಹಾಗೆಯೇ ಈ ಸೀಮೆಯ ಅಧಿಕಾರಿಯೊಬ್ಬನು ಕಡಲವರೆಗೂ ಹೋದನು.

1443ರಲ್ಲಿ ಹೆರಾತಿನ ಷಾರುಖ್ ಬಾದಶಹನ ರಾಯಭಾರಿಯಾಗಿ ಅಬ್ದುರ್ ರಜಾಕ್ ಎಂಬಾತನು ಕಲ್ಲಿಕೋಟೆಯ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ತಾನು ಕಂಡುದನ್ನು ಆತನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ರಾಜನ ತರುವಾಯ ಆತನ ಗ್ರಂಥದಲ್ಲಿ ಎದ್ದು ಕಾಣುವ ವ್ಯಕ್ತಿಯು 'ದಣಾಯಕ'ನು. ಈ ದಣಾಯಕನು ಲಕ್ಕಣ್ಣನೇ ಎಂದು ಇತಿಹಾಸಜ್ಞರಲ್ಲಿ ಅನೇಕರು ಭಾವಿಸಿದ್ದಾರೆ. ಆ ದಣಾಯಕನು ಸಿಂಹಳದ ಕಡೆಗೆ ಸಮುದ್ರಯಾತ್ರೆ ಹೋಗಿದ್ದನೆಂಬ ರಾಯಭಾರಿಯ ಮಾತಿಗೂ, ಲಕ್ಕಣ್ಣನ ಬಿರುದಿಗೂ ಚೆನ್ನಾಗಿ ಹೊಂದಿಕೆಯಾಗುತ್ತದೆ. ನಾನೂ ಆ ಅಭಿಪ್ರಾಯವನ್ನೇ ಅನುಸರಿಸಿ ಮುಂದೆ ಹೇಳುತ್ತೇನೆ.

ದಣಾಯಕನು ಅಂಥ ಯಾತ್ರೆಯಲ್ಲಿದ್ದಾಗಲೇ ರಾಜಧಾನಿಯಲ್ಲಿ ಘೋರವಾದ ದ್ರೋಹವೊಂದು ನಡೆಯಿತು. ಪ್ರೌಢದೇವರಾಯನ ಒಡಹುಟ್ಟಿದವನೇ ಔತಣದ ನೆಪದಿಂದ ಪ್ರಮುಖರನ್ನು ಮನೆಗೆ ಕರೆದು ಕೊಲ್ಲಿಸಿ, ಕೊನೆಗೆ ರಾಜನ ಮೇಲೂ ಕಠಾರಿಯನ್ನು ಎತ್ತಿದನು. ರಾಜನು ಗಾಯಗೊಂಡು ಉಳಿದನು. ಬಹು ಮಂದಿ ಪ್ರಮುಖರು ಮಡಿದುಹೋದ ಆ ರಾಜ್ಯದ ಭಾರವು, ಹಿಂತಿರುಗಿ ಬಂದ ದಣಾಯಕನ ಹೆಗಲಿಗೆ ಬಿದ್ದಿತು.

ಆತನ ಕಚೇರಿಯನ್ನು ರಾಯಭಾರಿಯು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಕಂಬಗಳ ದೊಡ್ಡ ಚಾವಡಿ. ನಡುವೆ ಎತ್ತರವಾದ ಜಗುಲಿಯ ಮೇಲೆ ದಣಾಯಕನು ಒಬ್ಬನೇ ಕುಳಿತಿರುವನು. ಕೆಳಗೆ ಎರಡು ಸಾಲಾಗಿ ದಂಡಧಾರಿಗಳು. ಅಹವಾಲುಳ್ಳವರು ಆ ಸಾಲುಗಳ ನಡುವೆ ಬಂದು ಕಾಣಿಕೆಯಿಟ್ಟು, ನೆಲಮುಟ್ಟಿ ನಮಸ್ಕರಿಸಿ, ತಮ್ಮ ದುಃಖವನ್ನು ಹೇಳಿಕೊಳ್ಳುವರು. ಆತನು ದೇಶದ ನ್ಯಾಯಪದ್ಧತಿಯಂತೆ ಕೊಟ್ಟ ಆಜ್ಞೆಗೆ ಎದುರು ಮಾತಿಲ್ಲ. ಕಚೇರಿ ಮುಗಿದು ಹೊರಟರೆ ಮುಂದೆ ಬಣ್ಣಬಣ್ಣದ ಸತ್ತಿಗೆಗಳು, ಕಹಳೆಗಳ ಧ್ವನಿ. ಆದರೆ ರಾಜನನ್ನು ಕಾಣಬೇಕಾದರೆ ಏಳು ಬಾಗಿಲುಗಳನ್ನು ದಾಟಬೇಕು. ಒಂದೊಂದು ಬಾಗಿಲಿನಲ್ಲಿಯೂ ಒಂದೊಂದು ಸತ್ತಿಗೆಯು ಹಿಂದೆ ಉಳಿಯುವುದು. ಏಳನೆಯ ಬಾಗಿಲಿನೊಳಕ್ಕೆ ಆತನು ಏಕಾಕಿಯಾಗಿ ಹೋಗುವನು.

ಮಹನೀಯರೇ, ನಾನು ಇದನ್ನು ಓದಿದ ದಿನ ಪುಸ್ತಕವನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತೆನು. ಅದು ಅರಮನೆಯ ಮರ್ಯಾದೆ ಮಾತ್ರವೇ ಇರಬಹುದು. ಆದರೂ ಅಧಿಕಾರದಲ್ಲಿದ್ದ ಯಾವನು ತಾನೇ ಆ ಏಳು ಬಾಗಿಲುಗಳನ್ನು ಒಂದು ದಿನ ದಾಟದೆ ಇರುವನು? ಜವಾನನು ಒಂದು ಬಾಗಿಲಲ್ಲಿ ನಿಲ್ಲುತ್ತಾನೆ, ವಾಹನವು ಮತ್ತೊಂದರಲ್ಲಿ, ಮೊಹರು, ರುಜು, ಪದವಿಯ ಹೆಸರು, ಇವು ಮುಂದಿನವುಗಳಲ್ಲಿ. ಕೊನೆಯ ಬಾಗಿಲಿಗೆ ಒಬ್ಬನೇ.

ರಾಯಭಾರಿಯ ಕಥೆಯಲ್ಲಿ ಇನ್ನೊಂದು ಸಂಗತಿಯುಂಟು. ಆತನಿಗೆ ಮೊದಲು ಆಸ್ಥಾನದಿಂದ ನಿತ್ಯದ ಪಡಿಯು ಬರುತ್ತಿದ್ದಿತು. ಹೊರ್ಮುಜಿನ ಕೆಲವು ವರ್ತಕರು ಈತನು ನಿಜವಾದ ರಾಯಭಾರಿಯಲ್ಲವೆಂದು ಚಾಡಿ ಹೇಳಿದರು. ಅಷ್ಟರಲ್ಲಿ ದಣಾಯಕನು ಕಲಬುರಗಿಯ ಗಡಿಗೆ ದಂಡಯಾತ್ರೆ ಹೋದನು. ಆತನ ಸ್ಥಾನದಲ್ಲಿ ಕುಳಿತ ಅಧಿಕಾರಿಯು ಪಡಿಯನ್ನು ನಿಲ್ಲಿಸಿಬಿಟ್ಟನು. ಪರದೇಶದಲ್ಲಿ ಅತಿಥಿಯು ಪರದಾಡಿದನು. ದಣಾಯಕನು ಹಿಂತಿರುಗಿದವನೇ ಆ ಅಧಿಕಾರಿಯನ್ನು ಗದರಿಸಿ, ತಾನು ಬಂದ ದಿನವೇ ಟಂಕಸಾಲೆಯಿಂದ 7000 ವರಹಗಳನ್ನು ಕೊಡುವಂತೆ ಅತಿಥಿಗೆ ಅಪ್ಪಣೆ ಬರೆದುಕೊಟ್ಟನು. ಷಾರುಖನ ಆಸ್ಥಾನಕ್ಕೆ ವಿಜಯನಗರದಿಂದ ಪ್ರತಿರಾಯಭಾರವನ್ನೂ ಕಳುಹಿಸಲಾಯಿತು. ಆ ರಾಯಭಾರಿಗಳು ರಾಜಧಾನಿಯಲ್ಲಿಯೇ ನೆಲಸಿದ್ದ ಖುರಾಸಾನಿನವರಿಬ್ಬರು. ಬೇರೆ ಮತದ, ಬೇರೆ ದೇಶದ ಅತಿಥಿಯ ಮಾನವನ್ನು ಕಾಯುವುದು ತನ್ನ ರಾಜ್ಯದ ಮಾನವನ್ನು ಕಾಯುವುದೇ ಎಂಬುದನ್ನು ಆತನು ಅರಿತಿದ್ದನು.

'ಬಂದ ದಿನವೇ' ಎಂಬ ಈ ಮಾತು ನನ್ನನ್ನು ಚುಚ್ಚುತ್ತದೆ. ಕಾರಣವನ್ನು ಈ ಸಭೆಯಲ್ಲಿ ಮುಚ್ಚಿಡಲಾರೆ. ನಾನು ತರುಣ ಗುಮಾಸ್ತೆಯಾಗಿ ಒಂದು ತಾಲ್ಲೂಕು ಕಚೇರಿಯಲ್ಲಿದ್ದಾಗ, ವೃದ್ಧನಾದ ರೈತನೊಬ್ಬನು ಕೆರೆಯ ತೂಬು ಕೆಟ್ಟಿದೆಯೆಂದು ಅರ್ಜಿ ತಂದನು. ಕಾಗದವನ್ನು ಮೇಲಕ್ಕೆ ಕಳುಹಿಸುವುದು ಅರ್ಧ ಗಳಿಗೆಯ ಕೆಲಸ. ನಾಳೆ ಬಾ ಎಂದೆನು. ಹಾಗೆ ಮೂರು ಸಲ ಹೇಳಿದೆನು. ನಾಲ್ಕನೆಯ ಸಲ ಆತನು ಬರಲಿಲ್ಲ. ಕೆರೆಯ ನೀರು ಹರಿದುಹೋಗಿ, ಪೈರು ಒಣಗಿದ ಮೇಲೆ ಸುದ್ದಿ ತಿಳಿಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕಡತದಲ್ಲಿ ನನ್ನ ತಪ್ಪು ಎಲ್ಲಿಯೂ ದಾಖಲೆಯಾಗಲಿಲ್ಲ. ಆದರೂ ಈ ವಯಸ್ಸಿನಲ್ಲಿ ಪೂಜೆಗೆ ಕುಳಿತರೆ ಒಮ್ಮೊಮ್ಮೆ ಆ ವೃದ್ಧನ ಮುಖವು ಎದುರಿಗೆ ಬಂದು ನಿಲ್ಲುತ್ತದೆ. ನಿಲ್ಲಿಸಿದ ಪಡಿಯನ್ನು ಅದೇ ದಿನ ಕೊಡಿಸಿದ ದಣಾಯಕನೆಲ್ಲಿ, ನಾನೆಲ್ಲಿ!

ಹಾಗೆಂದು ಲಕ್ಕಣ್ಣನನ್ನು ಕೇವಲ ಹೊಗಳಿ ಕೂರಲು ನಾನು ನಿಂತಿಲ್ಲ. ಕಲಬುರಗಿಯ ಆ ದಂಡಯಾತ್ರೆಯಲ್ಲಿ ಗಡಿಯ ಸೀಮೆಯು ಹಾಳಾಯಿತೆಂದೂ, ದಣಾಯಕನು ಸೆರೆಯಾಳುಗಳನ್ನು ಹಿಡಿದು ತಂದನೆಂದೂ ಅದೇ ರಾಯಭಾರಿಯು ಬರೆದಿದ್ದಾನೆ. ದಯೆಯನ್ನೇ ಧರ್ಮಕ್ಕೆ ಬೇರೆಂದ ಶರಣರ ಚರಿತ್ರೆಯನ್ನು ಹಾಡಿದ ಕೈಗೂ, ಆ ಬಡವರನ್ನು ಸೆರೆಗೊಯ್ದ ಕೈಗೂ ಹೇಗೆ ಸಮನ್ವಯ? ಅದು ಆ ಕಾಲದ ಯುದ್ಧಧರ್ಮವೆಂದು ಹೇಳಿ ನಾವು ನುಣುಚಿಕೊಳ್ಳಬಹುದು. ಆದರೆ ಶರಣರು ಬಾಳಿದ್ದು ಆತನಿಗಿಂತಲೂ ಹಿಂದೆ, 12ನೆಯ ಶತಮಾನದಲ್ಲಿ. ಅವರ ಮಾತು ಆತನಿಗೆ ತಿಳಿಯದುದಾಗಿರಲಿಲ್ಲ. ರಾಜಸೇವೆಯಲ್ಲಿರುವ ಭಕ್ತನಿಗೆ ಈ ಸಂಕಟವು ತಪ್ಪಿದುದಲ್ಲ. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಸೇರಿ ಬಿಜ್ಜಳನ ಭಂಡಾರಿಗಳಾದರು. ಕೊನೆಗೆ ಆ ಪದವಿಯನ್ನೇ ಬಿಟ್ಟು ನಡೆದರು. ಚಾಳುಕ್ಯರ ದಂಡನಾಯಕನಾದ ಕೊಂಡಗುಳಿ ಕೇಶಿರಾಜನೂ ಭಕ್ತಿಗಾಗಿ ಅಧಿಕಾರವನ್ನು ತೊರೆದನೆಂದು ಹರಿಹರನ ರಗಳೆಯು ಹೇಳುತ್ತದೆ. ಲಕ್ಕಣ್ಣನು ಅಧಿಕಾರದಲ್ಲಿದ್ದುಕೊಂಡೇ ಕಾವ್ಯವನ್ನು ಹಿಡಿದನು.

ಆ ಕಾವ್ಯವಾದರೋ ಸಾಮಾನ್ಯವಾದುದಲ್ಲ. ವಾರ್ಧಕ ಷಟ್ಪದಿಯಲ್ಲಿ 2000ಕ್ಕೂ ಮಿಕ್ಕ ಪದ್ಯಗಳು. ಶಿವನ ಲೀಲೆಗಳು, ಬಸವಾದಿ ಪ್ರಮಥರ ಚರಿತ್ರೆ, ಪುರಾತನರ ಮತ್ತು ನೂತನ ಶರಣರ ನಾಮಾವಳಿ, ಮತತತ್ತ್ವಗಳು, ಇವೆಲ್ಲವನ್ನೂ ಆತನು ಒಂದು ಉಗ್ರಾಣದಲ್ಲಿ ಕೂಡಿಡುವಂತೆ ಕೂಡಿಟ್ಟಿದ್ದಾನೆ. ಅದೇ ಆಸ್ಥಾನದಲ್ಲಿ ಜಕ್ಕಣಾರ್ಯನೆಂಬ ಮತ್ತೊಬ್ಬ ಮಂತ್ರಿಯಿದ್ದನು, 'ಪ್ರಭುಲಿಂಗಲೀಲೆ'ಯ ಚಾಮರಸನಿದ್ದನು, ನೂರೊಂದು ವಿರಕ್ತರಿದ್ದರೆಂದು ಪರಂಪರೆಯು ಹೇಳುತ್ತದೆ. ಕಲ್ಯಾಣದ ತರುವಾಯ ಚದುರಿಹೋದ ಶರಣರ ಮಾತುಗಳೂ ಚರಿತ್ರೆಗಳೂ ಸುಮಾರು ಎರಡೂವರೆ ಶತಮಾನಗಳ ಮೇಲೆ ಒಟ್ಟುಗೂಡಿದ ಕಾಲವದು. ಲಕ್ಕಣ್ಣನಲ್ಲಿ ಕವಿಗಿಂತಲೂ ಸಂಗ್ರಾಹಕನು ಹೆಚ್ಚಾಗಿ ಕಾಣುತ್ತಾನೆಂದು ರಸಿಕರು ಆಕ್ಷೇಪಿಸಬಹುದು. ನನಗಾದರೋ ಅದರಲ್ಲಿಯೇ ಆತನ ವೃತ್ತಿಯ ಗುರುತು ಕಾಣುತ್ತದೆ. ಕೆರೆ, ಕಾಲುವೆ, ಸುಂಕ, ಸಿದ್ಧಾಯಗಳ ಲೆಕ್ಕವನ್ನು ಒಂದೂ ಬಿಡದಂತೆ ಬರೆಯಿಸಿದವನು, ಶರಣರ ಹೆಸರುಗಳನ್ನೂ ಒಂದೂ ಬಿಡಬಾರದೆಂದು ಬರೆದನು. ಮಡಿವಾಳ, ಅಂಬಿಗ, ಮಾದಾರರನ್ನೂ ಒಳಗೊಂಡ ಆ ಶರಣಕುಲದ ಮುಂದೆ, ಮಹಾಮಂತ್ರಿಯೊಬ್ಬನು ಕೈಮುಗಿದು ನಿಂತ ಚಿತ್ರವದು. ಹೊರಗೆ ಜನರು ಆತನ ಮುಂದೆ ನೆಲಮುಟ್ಟುತ್ತಿದ್ದರು. ಕಾವ್ಯದೊಳಗೆ ಆತನು ಇವರ ಮುಂದೆ ಬಾಗುತ್ತಾನೆ.

ಇನ್ನೊಂದು ವಿಚಿತ್ರವನ್ನು ಹೇಳಿ ಮುಗಿಸುತ್ತೇನೆ. ಈ ದೇಶದ ಬರವಣಿಗೆಯು ಎರಡು ಬಗೆಯೆಂದು ಅಬ್ದುರ್ ರಜಾಕನು ಬರೆದಿದ್ದಾನೆ. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಗೀಚುವುದು ಒಂದು. ಅದು ಬಹುಕಾಲ ಬಾಳದು ಎನ್ನುತ್ತಾನೆ. ಕಪ್ಪು ಬಳಿದ ಹಾಳೆಯ ಮೇಲೆ ಬಳಪದಿಂದ ಬರೆಯುವುದು ಇನ್ನೊಂದು. ಅದು ಬಹುಕಾಲ ಬಾಳುವುದೆಂದೂ ಅದಕ್ಕೇ ಮನ್ನಣೆ ಹೆಚ್ಚೆಂದೂ ಎನ್ನುತ್ತಾನೆ. ಎರಡನೆಯದು ನಮ್ಮ ಕಡತವೇ. ಆದರೆ ಆದುದೇನು? 1565ರ ಯುದ್ಧದ ತರುವಾಯ ರಾಜಧಾನಿಯು ಹಾಳಾಯಿತು. ಲಕ್ಕಣ್ಣನ ಕಚೇರಿಯ ಕಡತಗಳು ಇಂದು ಎಲ್ಲಿಯೂ ಇಲ್ಲ. ಬಾಳದೆಂದ ಓಲೆಗರಿಯು ಉಳಿಯಿತು. ಮಠಗಳಲ್ಲಿ, ಮನೆಗಳ ಅಟ್ಟಗಳಲ್ಲಿ, ಭಕ್ತರು ಪ್ರತಿಯಿಂದ ಪ್ರತಿಯನ್ನು ಬರೆದು ಕಾಪಾಡಿದುದರಿಂದ 'ಶಿವತತ್ತ್ವಚಿಂತಾಮಣಿ'ಯು ನಮಗೆ ದೊರೆಯಿತು. ಗರಿಯನ್ನು ಗಟ್ಟಿಮಾಡಿದುದು ಗರಿಯ ಗುಣವಲ್ಲ, ಜನರ ಪ್ರೀತಿ. ಶ್ರೀಮಠಗಳ ಉಪಕಾರವನ್ನು ಈ ದಿನ ಸ್ಮರಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ?

ಈ ಸಭೆಯಲ್ಲಿ ಶ್ರೀಮಠದ ಅನ್ನವನ್ನು ಉಂಡು ಓದಿ, ನಾಳೆ ಅಧಿಕಾರಕ್ಕೆ ಹೋಗುವ ತರುಣರು ಅನೇಕರಿದ್ದೀರಿ. ನೀವೆಲ್ಲರೂ ಕಾವ್ಯವನ್ನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಸತ್ತಿಗೆಗಳು ಬಾಗಿಲಲ್ಲಿ ಉಳಿಯುವವೆಂಬುದನ್ನು ಮೊದಲೇ ತಿಳಿದಿರಿ. ಬಾಗಿಲಲ್ಲಿ ನಿಂತವನಿಗೆ ಸಲ್ಲಬೇಕಾದುದನ್ನು ಅದೇ ದಿನ ಸಲ್ಲಿಸಿರಿ, ನಾಳೆ ಎನ್ನಬೇಡಿ. ಆ ಮಾತನ್ನು ಹೇಳಿದವನ ಪಶ್ಚಾತ್ತಾಪವನ್ನು ಈಗ ತಾನೇ ಕೇಳಿದ್ದೀರಿ.